ವಕೀಲನ ಮೌನವೂ ಪೋಕ್ಸೊ ಕಾಯಿದೆಯ 19ನೆಯ ಕಲಮೂ

ಕಕ್ಷಿದಾರನು ವೃತ್ತಿಸಂಬಂಧದಲ್ಲಿ ಹೇಳಿದುದನ್ನು ವಕೀಲನು ಹೊರಗೆಡಹಕೂಡದೆಂದು 1872ರ ಸಾಕ್ಷ್ಯ ಅಧಿನಿಯಮದ 126ನೆಯ ಕಲಮು ವಿಧಿಸಿತ್ತು; 2023ರ ಅಧಿನಿಯಮದ 132ನೆಯ ಕಲಮೂ ಅದನ್ನೇ ಉಳಿಸಿಕೊಂಡಿದೆ. ವೈದ್ಯನಿಗೆ ಅಂತಹ ಶಾಸನರಕ್ಷಣೆ ಅಲ್ಲಿ ದೊರೆತಿಲ್ಲ. ಇಷ್ಟರಮಟ್ಟಿಗೆ ಭಿನ್ನಾಭಿಪ್ರಾಯವಿಲ್ಲ.

ವಿವಾದವು ತಲೆದೋರುವುದು 2012ರ ಪೋಕ್ಸೊ ಕಾಯಿದೆಯಲ್ಲಿ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದುದನ್ನು ಬಲ್ಲ, ಅಥವಾ ನಡೆದೀತೆಂದು ಶಂಕಿಸುವ ಯಾವ ವ್ಯಕ್ತಿಯೇ ಆಗಲಿ ಪೊಲೀಸರಿಗೆ ತಿಳಿಸತಕ್ಕದ್ದೆಂದು 19ನೆಯ ಕಲಮು ಆಜ್ಞಾಪಿಸುತ್ತದೆ. ತಪ್ಪಿದವನಿಗೆ 21ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಇತರ ಕಾನೂನುಗಳೊಡನೆ ವಿರೋಧ ಬಂದಲ್ಲಿ ಈ ಕಾಯಿದೆಯೇ ಮೇಲೆಂದು 42-ಎ ಕಲಮು ಸಾರುವುದರಿಂದ, ಆರೋಪಿಯ ತಪ್ಪೊಪ್ಪಿಗೆಯನ್ನು ಕೇಳಿದ ವಕೀಲನೂ ವರದಿಮಾಡಲೇಬೇಕೆಂಬ ವಾದವುಂಟು. ಈ ವಾದವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ.

42-ಎ ಕಲಮಿನ ಪೂರ್ವಾರ್ಧವು ಈ ಕಾಯಿದೆಯನ್ನು ಇತರ ಕಾನೂನುಗಳಿಗೆ ಪೂರಕವೆನ್ನುತ್ತದೆ. ಆದುದರಿಂದ ಎರಡು ವಿಧಿಗಳೂ ಕೂಡಿ ನಿಲ್ಲಬಲ್ಲವೆ ಎಂಬುದನ್ನು ಪರೀಕ್ಷಿಸದೆ ವಿರೋಧವನ್ನು ಘೋಷಿಸುವುದು ಆತುರವೇ ಸರಿ. ಸಾಕ್ಷ್ಯ ಅಧಿನಿಯಮದ ದೃಷ್ಟಾಂತಗಳನ್ನೇ ನೋಡಬಹುದು: ಖೋಟಾ ದಸ್ತಾವೇಜು ಸೃಷ್ಟಿಸಿದ್ದೇನೆ, ನನ್ನ ಪರ ವಾದಿಸು ಎಂದ ಕಕ್ಷಿದಾರನ ಮಾತಿಗೆ ರಕ್ಷಣೆಯುಂಟು, ಖೋಟಾ ದಸ್ತಾವೇಜಿನ ಬಲದಿಂದ ಆಸ್ತಿ ಪಡೆಯಲು ದಾವೆ ಹೂಡು ಎಂದವನ ಮಾತಿಗೆ ಇಲ್ಲ. ಗತಾಪರಾಧದ ನಿವೇದನೆಗೂ ಮುಂದಿನ ಅಕ್ರಮದ ಉದ್ದೇಶಕ್ಕೂ ನಡುವೆ ಎಳೆದ ಈ ಗೆರೆಯನ್ನು 19ನೆಯ ಕಲಮಿನ ವ್ಯಾಖ್ಯಾನದಲ್ಲಿಯೂ ಅನುಸರಿಸಬಹುದೆಂಬುದು ನನ್ನ ಪಕ್ಷ. ಬಂಧಿತನಿಗೆ ತನ್ನ ಆಯ್ಕೆಯ ವಕೀಲನೊಡನೆ ಸಮಾಲೋಚಿಸುವ ಹಕ್ಕನ್ನು ಸಂವಿಧಾನದ 22(1)ನೆಯ ಅನುಚ್ಛೇದವೇ ಕೊಟ್ಟಿರುವಾಗ, ಆ ಸಮಾಲೋಚನೆಯು ನೇರವಾಗಿ ಠಾಣೆಗೆ ತಲಪುವುದಾದರೆ ಹಕ್ಕಿನಲ್ಲಿ ಉಳಿಯುವುದೇನು?

2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗರ್ಭಪಾತ ಬಯಸುವ ಅಪ್ರಾಪ್ತೆಯ ಹಾಗೂ ಆಕೆಯ ಪೋಷಕರ ಕೋರಿಕೆಯಿದ್ದಲ್ಲಿ, ವೈದ್ಯನು ಆಕೆಯ ಗುರುತನ್ನು ವರದಿಯಲ್ಲಿ ಕೊಡಬೇಕಾಗಿಲ್ಲವೆಂದು 19ನೆಯ ಕಲಮನ್ನು ಗರ್ಭಪಾತದ ಕಾಯಿದೆಯೊಡನೆ ಸಮನ್ವಯಗೊಳಿಸಿ ಅರ್ಥೈಸಿತು. ಆದರೆ ಅಲ್ಲಿನ ರಹಸ್ಯ ಸಂತ್ರಸ್ತೆಯದು, ಇಲ್ಲಿನದು ಆರೋಪಿಯದು. ಆದಕಾರಣ ಆ ತೀರ್ಪಿನಿಂದ ವ್ಯಾಖ್ಯಾನಕ್ರಮವನ್ನಷ್ಟೇ ಸ್ವೀಕರಿಸುತ್ತೇನೆ, ಫಲಿತಾಂಶವನ್ನಲ್ಲ. ನನ್ನ ಪಕ್ಷವೂ ಪ್ರತಿವಾದಕ್ಕಾಗಿ ಹೇಳಿದ ಗತಾಪರಾಧದ ಮಾತಿಗಷ್ಟೇ ಸೀಮಿತ. ಮಗುವಿಗೆ ಮತ್ತೆ ಅಪಾಯವಿದೆಯೆಂದು ತಿಳಿದೂ ಸುಮ್ಮನಿರುವ ವಕೀಲನಿಗೆ ಇದರಲ್ಲಿ ಆಶ್ರಯವಿಲ್ಲ, ಇರಲೂಕೂಡದು.

ಆದರೆ ಆರೋಪಿಯು ನಡೆದುಹೋದುದನ್ನಷ್ಟೇ ಹೇಳಿ, ಅದೇ ಮಗುವಿನೊಡನೆ ಒಂದೇ ಮನೆಯಲ್ಲಿ ವಾಸವಾಗಿದ್ದರೆ, ಆ ಸಹವಾಸವೊಂದೇ 19ನೆಯ ಕಲಮು ಹೇಳುವ ಶಂಕೆಗೆ ಸಾಕಾದ ಆಧಾರವಾದೀತೆ ಎಂಬುದು ಇನ್ನೂ ನಿರ್ಣಯವಾಗಬೇಕಾದ ಪ್ರಶ್ನೆ.