ಅಟ್ಟ ತೆರವು

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹಿಂದೆ ಮನೆ ಕಟ್ಟುವವರು ಅಟ್ಟದ ಲೆಕ್ಕವನ್ನು ಮೊದಲೇ ಹಾಕುತ್ತಿದ್ದರು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿದರೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷ, ಅದರ ತಂಟೆಗೆ ಹೋಗುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪು ಬಿಡಬೇಕು, ಕೈಗೆತ್ತಿ ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸುಲಿದು ಒಡೆದರೆ ಉಂಡೆ ಕೊಬ್ಬರಿ. ಹೋಳು ಮಾಡಿ ಬಿಸಿಲಿಗೆ ಹರವುವ ಎಣ್ಣೆ ಕೊಬ್ಬರಿಗೆ ಇಷ್ಟು ಜಾಗವೂ ಬೇಡ, ಇಷ್ಟು ತಾಳ್ಮೆಯೂ ಬೇಡ. ಹೊಸ ಕಾಯಿ ಬರುವಷ್ಟರಲ್ಲಿ ಹಳೆಯದು ಇಳಿಯದಿದ್ದರೆ ಹಜಾರದಲ್ಲೇ ಗುಡ್ಡೆ ಬೀಳುತ್ತದೆ. ಮಲಗುವವರು ಅದರ ಮಗ್ಗುಲಲ್ಲೇ ಮಲಗಬೇಕು.

ನನ್ನ ಹನ್ನೊಂದು ವರ್ಷದ ಲ್ಯಾಪ್‌ಟಾಪ್ ಈಗ ಆ ಸ್ಥಿತಿಗೆ ಬಂದಿದೆ. ದಿನಕ್ಕೆರಡು ಬಾರಿ ಜಾಗವಿಲ್ಲ ಎನ್ನುತ್ತದೆ. "ಅದನ್ನ ಬಿಸಾಕಮ್ಮ, ಹೊಸದು ತಗೊಳ್ಳೋಣ" ಎನ್ನುತ್ತಾನೆ ಮಗ. ಅವನಿಗೇನು! ಅದರೊಳಗೆ ತೀರಿಹೋದ ನಮ್ಮ ಅತ್ತೆಯ ದನಿ ಇದೆ.

ಜಾಗದ ಈ ಪರದಾಟ ಕಂಪ್ಯೂಟರಿನ ಹುಟ್ಟಿನಷ್ಟೇ ಹಳೆಯದು. 1956ರ ಸೆಪ್ಟೆಂಬರಿನಲ್ಲಿ, ನಮ್ಮವರು ಹೊಸ ಮೈಸೂರು ರಾಜ್ಯದ ಉದಯಕ್ಕೆ ಕಾಯುತ್ತಿದ್ದಾಗ, ಅಮೆರಿಕದ ಐಬಿಎಂ ಕಂಪನಿ ಮೊದಲ ಹಾರ್ಡ್ ಡಿಸ್ಕ್ ಇದ್ದ ಯಂತ್ರವನ್ನು ಪ್ರಕಟಿಸಿತು. ಎರಡಡಿ ಅಗಲದ 50 ತಟ್ಟೆಗಳು, ಒಂದು ಟನ್ನಿಗೂ ಮೀರಿದ ತೂಕ. ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಈಗಿನ ಫೋನಿನಲ್ಲಿ ಮೊಮ್ಮಗುವಿನ ಎರಡು ಫೋಟೋ ತೆಗೆದರೆ ಅದು ತುಂಬಿಹೋದೀತು. ಆಮೇಲೆ ಬಂದ, ಅಂಗೈಯಗಲದ ಫ್ಲಾಪಿ ಹಿಡಿಯುತ್ತಿದ್ದುದು 1.44 ಎಂಬಿ ಮಾತ್ರ. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಓಡಾಡಿದವರು ನಾವು.

ಕನ್ನಡಕ್ಕೆ ಇದರಲ್ಲಿ ಬೇರೆಯದೇ ಕಥೆ. 1998ರಲ್ಲಿ 'ಬರಹ' ಬಂತು, ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲೇ ಕನ್ನಡದ ಆಕಾರವನ್ನು ಕೂರಿಸುತ್ತಿದ್ದವು. ಬಾಡಿಗೆ ಮನೆ ಅನ್ನಿ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿತ್ತು, ನಾವು ಒಕ್ಕಲು ಹೋದದ್ದು ತಡವಾಗಿ. ಸ್ವಂತ ಮನೆಗೆ ಜಾಗ ಹೆಚ್ಚು ಬೇಕು. ಈಗ ಸಾಮಾನ್ಯವಾಗಿ ಬಳಸುವ ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್. 'ಕೊಬ್ಬರಿ' ಎಂದು ಬರೆದರೆ ಒತ್ತು, ಗುಣಿತ ಎಲ್ಲ ಸೇರಿ ಏಳು ಚಿಹ್ನೆ, 21 ಬೈಟ್. ಇಂಗ್ಲಿಷ್ ಅಕ್ಷರದಲ್ಲಾದರೆ ಏಳಕ್ಕೇ ಮುಗಿಯುತ್ತದೆ.

ಹಾಗೆಂದು ಬರವಣಿಗೆಯನ್ನು ಅಳಿಸಿ ಜಾಗ ಮಾಡಹೊರಡಬೇಡಿ. ಮುನ್ನೂರು ಪುಟದ ಕಾದಂಬರಿ ಬರೀ ಅಕ್ಷರವಾಗಿ ಇದ್ದರೆ ಎರಡು ಎಂಬಿ ಆಸುಪಾಸು, ಅಷ್ಟೆ. ಜಾಗ ತಿನ್ನುವುದು ವೀಡಿಯೋ. ನನ್ನಲ್ಲಿ ಮೂರು ಮದುವೆಯ ಪೂರ್ತಿ ವೀಡಿಯೋ ಇತ್ತು, ಅದರಲ್ಲಿ ಒಂದು ಯಾರದೆಂದು ಇಂದಿಗೂ ಗೊತ್ತಾಗಿಲ್ಲ. ಇನ್ನೊಂದು ಮಾತು: ಹಳೆಯ ನುಡಿಯಲ್ಲಿ ಟೈಪಿಸಿದ ಕಡತಗಳು ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷಿನ ಹಾಗೆ ಕಾಣುತ್ತವೆ. ಕಸವೆಂದು ಗುಡಿಸಬೇಡಿ, ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳಿವೆ. ಅತ್ತೆಯ ಬಾಯಿಂದ ಕೇಳಿ ನಾನು ಬರೆದುಕೊಂಡಿದ್ದ ಸೋಬಾನೆ ಪದಗಳು ಇಂಥದೇ ವೇಷದಲ್ಲಿದ್ದವು.

1995ರ ವಿಂಡೋಸಿನಲ್ಲಿ ರೀಸೈಕಲ್ ಬಿನ್ ಬಂದಿತು. ಅಳಿಸಿದ್ದೆಲ್ಲ ಅದರೊಳಗೆ ಕೂತಿರುತ್ತದೆ. ಅದನ್ನು ಖಾಲಿ ಮಾಡುವ ತನಕ ಜಾಗ ಬಿಡುಗಡೆಯಾಗದು. ಕಾಯಿಯನ್ನು ಅಟ್ಟದಿಂದ ಹಜಾರಕ್ಕಿಳಿಸಿದರೆ ಮನೆ ಖಾಲಿಯಾಯಿತೇ? ತಾತ್ಕಾಲಿಕ ಕಡತಗಳನ್ನು ಗುಡಿಸಲು ಡಿಸ್ಕ್ ಕ್ಲೀನಪ್ ಇದೆ. ಅದು ಕೇಳುವುದಕ್ಕೆಲ್ಲ ಹೂಂ ಅನ್ನಬಾರದು, ಡೌನ್‌ಲೋಡಿನ ಕಡತವನ್ನೂ ಪಟ್ಟಿಯಲ್ಲಿ ತೋರಿಸುತ್ತಿದ್ದ ಕಾಲವೂ ಇತ್ತು.

ಯಾವಾಗ ಇಳಿಸಬೇಕು ಎಂಬುದೇ ಕಷ್ಟ. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ, ಮಾರುಕಟ್ಟೆಯದು ಅದಕ್ಕೂ ಕೆಳಗೆ. ನಫೆಡ್ ಖರೀದಿಗೆ ಹೆಸರು ಬರೆಸಲು ಸಾಲುಗಟ್ಟಿ ನಿಂತರು. ಸಾಲಕ್ಕೆ ಹೆದರಿ, ಹುಳುವಿಗೆ ಹೆದರಿ ಅಟ್ಟ ಖಾಲಿ ಮಾಡಿದವರು ಎಷ್ಟೋ ಮಂದಿ. 2025ರ ನಡುವಿಗೆ ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ 20,000 ದಾಟಿತು. ಇಳಿಸಿದ್ದನ್ನು ಮತ್ತೆ ಏರಿಸಲಾಗದು.

ಅತ್ತೆಯ ಪದಗಳ ಧ್ವನಿಮುದ್ರಣ ವೇವ್ ಕಡತದಲ್ಲಿದೆ, ನಿಮಿಷಕ್ಕೆ ಸುಮಾರು ಹತ್ತು ಎಂಬಿ. ಎಂಪಿ3 ಮಾಡಿದರೆ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದರೆ ಹಾಗೆ ಕುಗ್ಗಿಸುವಾಗ ಕಿವಿಗೆ ಮುಖ್ಯವಲ್ಲವೆಂದು ಯಂತ್ರ ಬಗೆದ ಸದ್ದನ್ನು ಬಿಟ್ಟುಬಿಡುತ್ತದೆ, ಅದು ಮತ್ತೆ ಬಾರದು. ನನಗೆ ಮನಸ್ಸಾಗಲಿಲ್ಲ. ಯಾರದೋ ಮದುವೆಯೂ ಶುಭೋದಯದ ಸಾವಿರ ಚಿತ್ರಗಳೂ ಹೋದವು. ಮೂಲವನ್ನು ಹಾಗೇ ಎರಡು ಹೊರಗಿನ ಡಿಸ್ಕಿಗೆ ಇಳಿಸಿ, ತೆರೆದು ಕೇಳಿ ನೋಡಿ, ಆಮೇಲಷ್ಟೆ ಲ್ಯಾಪ್‌ಟಾಪಿನಿಂದ ತೆಗೆದೆ. ಒಂದು ಡಿಸ್ಕು ನನ್ನ ಬೀರುವಿನಲ್ಲಿ, ಇನ್ನೊಂದು ತುರುವೇಕೆರೆಯ ನಾದಿನಿಯ ಮನೆಯಲ್ಲಿ.

ನಾದಿನಿ ರಾತ್ರಿ ಕೂತು ಪೂರ್ತಿ ಕೇಳಿದಳಂತೆ. ಬೆಳಿಗ್ಗೆ ಫೋನು ಮಾಡಿದಳು. "ಅತ್ತಿಗೆ, ಎರಡನೇ ಪದದ ನಡುವೆ ಅಮ್ಮ ಕೆಮ್ಮಿ, ಒಲೆ ಮೇಲೆ ಹಾಲಿದೆ ನೋಡ್ರೇ ಅಂತಾರಲ್ಲ, ಅದನ್ನ ಮಾತ್ರ ತೆಗೀಬೇಡಿ."