ಕಾಡತೂಸು ತುಂಬುವ ಕೈ ಯಾರದು?

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಹಲಗಲಿಯ ಹೆಸರು ಕನ್ನಡ ಓದುಗರಿಗೆ ಹೊಸದಲ್ಲ. ಹತ್ತನೇ ತರಗತಿಯಲ್ಲಿ ‘ಹಲಗಲಿ ಬೇಡರು’ ಲಾವಣಿ ಓದಿದವರಿಗೆ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರ ಹೆಸರು ನೆನಪಿರುತ್ತದೆ. 1857ರ ನಿಶ್ಶಸ್ತ್ರೀಕರಣ ಕಾಯ್ದೆಯಂತೆ ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂಬ ಹುಕುಂ ಬಂದಾಗ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ಬ್ರಿಟಿಷ್ ಪಡೆ ಊರನ್ನು ಮುತ್ತಿ ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಒಟ್ಟು 19 ಮಂದಿಯನ್ನು ಗಲ್ಲಿಗೇರಿಸಲಾಯಿತು.

ಈ ಕತೆಯನ್ನು ನಾವು ಶೌರ್ಯದ ಕತೆಯಾಗಿ ಓದುತ್ತೇವೆ. ಅದು ಸರಿಯೇ. ಆದರೆ ಇದರೊಳಗೆ ಒಂದು ವಸ್ತುವಿನ ಚರಿತ್ರೆಯೂ ಅಡಗಿದೆ. ಬೇಡರ ಕೈಯಲ್ಲಿದ್ದ ಕೋವಿಗೆ ಮದ್ದು ತುಂಬುತ್ತಿದ್ದವರು ಯಾರು?

ಆ ಕಾಲದ ಹಳ್ಳಿಯ ಕೋವಿ ಬಾಯಿಯಿಂದ ತುಂಬುವಂಥದು. ನಳಿಗೆಯೊಳಗೆ ಮದ್ದು ಸುರಿದು, ಸೀಸದ ಗುಂಡು ಇಳಿಸಿ, ಗಜದಿಂದ ಜಡಿದು, ಬತ್ತಿಯಿಂದಲೋ ಕಿಡಿಯಿಂದಲೋ ಹೊತ್ತಿಸಬೇಕು. ಮದ್ದೆಂದರೆ ಪೆಟ್ಲುಪ್ಪು, ಇದ್ದಲು, ಗಂಧಕ. ಗುಂಡೆಂದರೆ ಕರಗಿಸಿ ಅಚ್ಚಿಗೆ ಹೊಯ್ದ ಸೀಸ. ಇವುಗಳಿಗೆ ದೂರದ ಕಾರ್ಖಾನೆಯೇ ಬೇಕೆಂದೇನೂ ಇರಲಿಲ್ಲ. ಕೋವಿ ಹಿಡಿದವನೇ ಪ್ರತಿ ಸಲವೂ ತುಂಬುವವನು. ಇಂಥ ಕಡೆ ಮದ್ದನ್ನು ತಡೆದು ಕೋವಿಯನ್ನು ನಿರುಪಯುಕ್ತ ಮಾಡುವುದು ಸುಲಭವಲ್ಲ, ಕೋವಿಯನ್ನೇ ಕಿತ್ತುಕೊಳ್ಳಬೇಕು. ಬೇಟೆಯೇ ಬದುಕಾದವನಿಗೆ ಅದು ಅನ್ನವನ್ನೂ ಮಾನವನ್ನೂ ಕಿತ್ತುಕೊಂಡಂತೆ.

ಅದೇ ವರ್ಷದ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಮ್‌ಡಮ್‌ನಲ್ಲಿ ಬೇರೊಂದು ಗುಸುಗುಸು ಎದ್ದಿತ್ತು. ಎನ್‌ಫೀಲ್ಡ್ ಬಂದೂಕಿನ ಕಾಗದದ ಕಾಡತೂಸಿಗೆ ದನದ, ಹಂದಿಯ ಕೊಬ್ಬು ಸವರಲಾಗಿದೆ ಎಂಬ ಸುದ್ದಿ ಅದು. ಸಿಪಾಯಿ ಅದನ್ನು ಹಲ್ಲಿನಿಂದ ಹರಿದು ಮದ್ದು ಸುರಿಯಬೇಕಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಸಿಪಾಯಿ ಬೇಡವೆಂದದ್ದು ಸರಕಾರ ಕೊಟ್ಟದ್ದನ್ನು, ಬೇಡ ಕೊಡಲಾರೆನೆಂದದ್ದು ತನ್ನದೇ ಆದದ್ದನ್ನು. ಒಬ್ಬನ ಕಾಡತೂಸು ಸರಕಾರದ ಉಗ್ರಾಣದಿಂದ ಬಂತು, ಇನ್ನೊಬ್ಬನಿಗೆ ಕಾಡತೂಸೇ ಬೇಕಿರಲಿಲ್ಲ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಕಾಗದದ ಜಾಗಕ್ಕೆ ಹಿತ್ತಾಳೆ ಬಂತು. ಇಂಗ್ಲೆಂಡಿನ ವುಲಿಚ್‌ನಲ್ಲಿ ಎಡ್ವರ್ಡ್ ಬಾಕ್ಸರ್ 1866ರ ಸುಮಾರಿಗೆ ಸ್ನೈಡರ್ ಬಂದೂಕಿಗಾಗಿ ತೆಳು ಹಿತ್ತಾಳೆ ತಗಡು ಸುತ್ತಿದ ಕಾಡತೂಸು ರೂಪಿಸಿದ. 1869ರಲ್ಲಿ ಪುಣೆಯ ಬಳಿಯ ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾಯಿತು. ಸುತ್ತಿದ ತಗಡು 1885ರ ಸುಡಾನ್ ಯುದ್ಧದಲ್ಲಿ ಹರಿದು ಬಂದೂಕಿನೊಳಗೆ ಸಿಕ್ಕಿಕೊಂಡದ್ದು ದೊಡ್ಡ ರಗಳೆಯಾಯಿತು. ಆಮೇಲೆ ಒಂದೇ ತುಂಡಿನಿಂದ ಎಳೆದು ಮಾಡಿದ ಗಟ್ಟಿ ಕೋಶ ನೆಲೆಯೂರಿತು.

ಹಿತ್ತಾಳೆಯೇ ಯಾಕೆ? ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಈ ಲೋಹ ಮದ್ದು ಸಿಡಿದ ಕ್ಷಣ ಹಿಗ್ಗಿ ನಳಿಗೆಯ ಗೋಡೆಗೆ ಒತ್ತಿಕೊಳ್ಳುತ್ತದೆ, ಹೊಗೆ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಮರುಕ್ಷಣ ತುಸು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಬರಿದಾದ ಮೇಲೂ ಅದು ಹಾಳಾಗಿರುವುದಿಲ್ಲ. ಹೊಸ ಕಿಡಿಗುಂಡಿ, ಹೊಸ ಮದ್ದು, ಹೊಸ ಗುಂಡು ಕೊಟ್ಟರೆ ಮತ್ತೆ ಸಿದ್ಧ. 19ನೇ ಶತಮಾನದ ಕೊನೆಗೆ ಅಮೆರಿಕದ ಗಡಿ ಠಾಣೆಗಳ ಸೈನಿಕರು ಹೀಗೆ ಮರುತುಂಬುತ್ತಿದ್ದರು. ಇಂಗ್ಲೆಂಡಿನವನಾದ ಬಾಕ್ಸರನ ಕಿಡಿಗುಂಡಿ ಮರುತುಂಬಲು ಸುಲಭವೆಂದು ಅಮೆರಿಕದಲ್ಲಿ ಬೇರೂರಿತು. ಅಮೆರಿಕದವನಾದ ಬರ್ಡನ್‌ನದು ಯುರೋಪಿನಲ್ಲಿ ನಿಂತಿತು.

ಮರುತುಂಬುವ ಮೊದಲು ತೊಳೆಯಬೇಕು. ಕರಿಮದ್ದಿನ ಮಸಿ ತೇವ ಹೀರಿ ಹಿತ್ತಾಳೆಯನ್ನು ತಿನ್ನುತ್ತದೆ. ಇಂದು ಮರುತುಂಬುವ ಹವ್ಯಾಸ ಇರುವ ದೇಶಗಳಲ್ಲಿ ಇದಕ್ಕೊಂದು ಪುಟ್ಟ ಯಂತ್ರವಿದೆ. ತಿರುಗುವ ಪೀಪಾಯಿ, ಅದರೊಳಗೆ ಖಾಲಿ ಕೋಶಗಳು, ಜೊತೆಗೆ ಜೋಳದ ದಿಂಡಿನ ಪುಡಿ ಇಲ್ಲವೆ ಅಕ್ರೋಟಿನ ಸಿಪ್ಪೆಯ ಪುಡಿ. ಇನ್ನೊಂದು ಬಗೆಯಲ್ಲಿ ನೀರು, ಸಾಬೂನು, ಸಣ್ಣ ಉಕ್ಕಿನ ಕಡ್ಡಿಗಳು, ಚಿಟಿಕೆ ಸಿಟ್ರಿಕ್ ಆಮ್ಲ. ಗಂಟೆಗಟ್ಟಲೆ ಉರುಳಿದ ಮೇಲೆ ಕೋಶಗಳು ಹಬ್ಬದ ತಂಬಿಗೆಯಂತೆ ಹೊಳೆಯುತ್ತವೆ. ನಮ್ಮ ಅಡುಗೆಮನೆಯ ಹುಣಸೆಹಣ್ಣು, ಲಿಂಬೆಹಣ್ಣು ಮಾಡುವುದೂ ಇದೇ ಕೆಲಸ. ಹುಳಿ ಕಿಲುಬನ್ನು ಕರಗಿಸುತ್ತದೆ. ಹುಳಿ ಹೆಚ್ಚಾದರೆ ಸತು ಕರಗಿ ಹೋಗಿ ಹಿತ್ತಾಳೆ ಕೆಂಪಡರುತ್ತದೆ. ಒಣ ಪುಡಿಯಲ್ಲಿ ಉರುಳಿಸುವಾಗ ಏಳುವ ದೂಳಿನಲ್ಲಿ ಸೀಸವಿರುವುದರಿಂದ ಅದನ್ನು ಉಸಿರಾಡಬಾರದು. ಹೊಳಪಿಗಿಂತ ಮುಖ್ಯವಾದದ್ದು ಇನ್ನೊಂದಿದೆ: ಕೊಳೆ ಹೋದ ಮೇಲೆಯೇ ಬಿರುಕು ಕಣ್ಣಿಗೆ ಬೀಳುತ್ತದೆ. ಬಿರುಕುಬಿಟ್ಟ ಕೋಶ ತುಂಬಿದವನ ಕಣ್ಣಿಗೇ ಅಪಾಯ.

ಬಿರುಕಿನ ಗುಟ್ಟು ಬಿಚ್ಚಿಕೊಂಡದ್ದು ಭಾರತದ ಮಳೆಗಾಲದಿಂದ. ಇಲ್ಲಿನ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಯಾರೂ ಮುಟ್ಟದಿದ್ದರೂ ಕೋಶಗಳು ತಾವಾಗಿ ಸೀಳುತ್ತಿದ್ದವು. ಋತುವಿನೊಂದಿಗೆ ಬರುವ ರೋಗವೆಂದು ಅದಕ್ಕೆ ‘ಋತುಬಿರುಕು’ ಎಂಬರ್ಥದ ಹೆಸರೇ ಬಿತ್ತು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಕಾರಣ ವಿವರಿಸಿದರು. ಕುದುರೆಯ ಉಚ್ಚೆಯಿಂದ ಏಳುವ ಅಮೋನಿಯಾ, ಗಾಳಿಯ ತೇವ, ಕೋಶವನ್ನು ಎಳೆದು ಮಾಡುವಾಗ ಲೋಹದೊಳಗೆ ಉಳಿದ ಬಿಗುವು, ಈ ಮೂರೂ ಸೇರಿದಾಗ ಹಿತ್ತಾಳೆ ಒಡೆಯುತ್ತದೆ. ಹದವಾಗಿ ಕಾಯಿಸಿ ಬಿಗುವು ಸಡಿಲಿಸಿದರೆ ಈ ಅಪಾಯ ತಗ್ಗುತ್ತದೆ. ಅಮೋನಿಯಾ ಇರುವ ಪಾಲಿಶಿನಿಂದ ಕೋಶ ಉಜ್ಜಬಾರದೆಂಬ ಇಂದಿನ ಎಚ್ಚರಿಕೆಗೂ ಅದೇ ಕಾರಣ.

ಹಿತ್ತಾಳೆ ಕೋಶ ಬಂದ ಮೇಲೆ ಕೋವಿಯ ರಾಜಕೀಯವೂ ಬದಲಾಯಿತು. ಇದ್ದಲು ಸುಟ್ಟು ಮದ್ದು ಅರೆದಷ್ಟು ಸುಲಭವಾಗಿ ಹಳ್ಳಿಯಲ್ಲಿ ಕೋಶ ಮಾಡಲಾಗದು. ಅದಕ್ಕೆ ಕಾರ್ಖಾನೆ ಬೇಕು, ಕಾರ್ಖಾನೆಗೆ ಬಾಗಿಲಿರುತ್ತದೆ, ಬಾಗಿಲಿಗೆ ಕಾವಲಿರುತ್ತದೆ. 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಸ್ವಾತಂತ್ರ್ಯಾನಂತರ 1959ರ ಕಾಯ್ದೆ ಆ ಜನಾಂಗಭೇದವನ್ನು ತೆಗೆದರೂ ಪರವಾನಗಿಯನ್ನು ಉಳಿಸಿತು. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಮದ್ದುಗುಂಡಿನ ಬಿಡಿಭಾಗಗಳೂ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಪೊಲೀಸರ ಗುರಿ ಅಭ್ಯಾಸದಲ್ಲಿ ಹಾರಿಸಿದ ಪ್ರತಿ ಗುಂಡಿನ ಖಾಲಿ ಕೋಶವನ್ನೂ ಎಣಿಸಿ ಲೆಕ್ಕ ಒಪ್ಪಿಸಬೇಕು.

ಇದೇ ಕರ್ನಾಟಕದಲ್ಲಿ ಇನ್ನೊಂದು ದಾರಿಯೂ ಇತ್ತು. ಹಲಗಲಿಯನ್ನು ಸುಟ್ಟ ಅದೇ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನು ಹೊರಗಿಟ್ಟ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಒಂದು ಕಡೆ ಕೋವಿ ಆಯುಧಪೂಜೆಯ, ಕೈಲ್ ಪೊಳ್ದ್ ಹಬ್ಬದ ಗೌರವವಾಗಿ ಉಳಿಯಿತು. ಇನ್ನೊಂದು ಕಡೆ ಗಲ್ಲಿಗೆ ಕಾರಣವಾಯಿತು. ಎರಡೂ ಕಡೆ ಕೋವಿ ಮನೆತನದ ಮಾನವೇ ಆಗಿತ್ತು. ಫರಕು ಇದ್ದದ್ದು ಆಳುವವರು ಯಾರನ್ನು ನಂಬಿದರು ಎಂಬಲ್ಲಿ.

ಬಂದೂಕು ಎಲ್ಲರ ಕೈಗೂ ಸುಲಭವಾಗಿ ಸಿಗಬೇಕೆಂದು ಇದರಿಂದ ವಾದಿಸಬೇಕಿಲ್ಲ. ಖಾಲಿ ಕೋಶವನ್ನೂ ಎಣಿಸುವ ಕಾನೂನಿಗೆ ಅದರದೇ ಸಕಾರಣಗಳಿವೆ. ಆದರೆ ಹಲಗಲಿಯ ಲಾವಣಿಯನ್ನು ಮುಂದೆ ಓದುವಾಗ ಒಂದು ಮಾತು ನೆನಪಿರಲಿ. ಆ ಬೇಡರು ತಮ್ಮ ಮದ್ದನ್ನು ತಾವೇ ತುಂಬಿಕೊಳ್ಳುತ್ತಿದ್ದ ಕಾಲದ ಕೊನೆಯಂಚಿನಲ್ಲಿ ನಿಂತಿದ್ದರು. ಅವರಿಂದ ಕಿತ್ತುಕೊಂಡದ್ದು ಕಬ್ಬಿಣದ ನಳಿಗೆ ಮಾತ್ರವಲ್ಲ, ಅದನ್ನು ತುಂಬುವ ಕೈಯ ಸ್ವಾತಂತ್ರ್ಯ ಕೂಡ.