ಮಾಳಮಡ್ಡಿ: ಧಾರವಾಡದ ಮಡ್ಡಿ ಮ್ಯಾಲಿನ ಬಡಾವಣೆ, ಹಳೇ ಹಂಚಿನ ಮನೆಗಳ ಓಣಿ

ಬಮ್ಮಿಗಟ್ಟಿ: ಕೋರ್ಟು, ಕಾಲೇಜು, ದವಾಖಾನಿ ಅಂತ ಕಲಘಟಗಿ ತಾಲೂಕಿನ ಮಂದಿ ಧಾರವಾಡಕ್ಕೆ ಹೋಗಿ ಬರುವುದು ಇದ್ದದ್ದೇ. ರೈಲ್ವೆ ಸ್ಟೇಷನ್ ಕಡೆ ಹೋದವರಿಗೆ ಮಾಳಮಡ್ಡಿ ಗೊತ್ತು. ಆ ಬಡಾವಣೆ ಹೆಂಗ ಬೆಳೀತು, ಅಲ್ಲಿಯ ಹಳೇ ಮನೆಗಳು ಯಾಕ ಹಂಗ ಅದಾವ ಅನ್ನೋ ಮಾಹಿತಿ ಇಲ್ಲಿದೆ.

ಹೆಸರು ಮತ್ತು ನೆಲ

ಈ ಭಾಗದಲ್ಲಿ ಮಡ್ಡಿ ಅಂದರ ಎತ್ತರದ, ಗರಸು ಮಿಶ್ರಿತ ನೆಲ. ಬೆಳೆಗೆ ಒಗ್ಗದಿದ್ದರೂ ಮನೆಯ ಬುನಾದಿಗೆ ಗಟ್ಟಿ. ನವಲಗುಂದ, ಅಣ್ಣಿಗೇರಿ ಕಡೆಯ ಎರಿಮಣ್ಣು ಮಳೆಗಾಲಕ್ಕೆ ಉಬ್ಬಿ, ಬ್ಯಾಸಿಗಿಗೆ ಬಿರಿದು ಗ್ವಾಡಿ ಸೀಳುತ್ತದೆ. ಮಡ್ಡಿಯಲ್ಲಿ ಆ ಕಾಟ ಕಡಿಮೆ, ನೀರೂ ನಿಲ್ಲುವುದಿಲ್ಲ.

ರೈಲಿನ ನಂಟು

1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೇಂದ್ರ ಕಚೇರಿ ಧಾರವಾಡದಲ್ಲಿತ್ತು. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿತು. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜಿಗೆ ಮುಂದೆ ಆ ಕಚೇರಿ ಕಟ್ಟಡವೇ ನೆಲೆಯಾಯಿತು. ಸ್ಟೇಷನ್ ಪಕ್ಕದ ಮಾಳಮಡ್ಡಿ ನೌಕರಸ್ಥರು, ಮಾಸ್ತರರು, ವಕೀಲರ ಬಡಾವಣೆಯಾಗಿ ಬೆಳೆಯಿತು. ಕೆ.ಇ. ಬೋರ್ಡ್ ಶಾಲೆ, ವನವಾಸಿ ರಾಮಮಂದಿರ ಇಂದಿಗೂ ಇಲ್ಲಿಯ ಗುರುತು.

ಮನೆಯ ಕಟ್ಟು

ಬಯಲುಸೀಮೆಯ ಮನೆಗೆ ಮಣ್ಣಿನ ಮಾಳಿಗಿ ನಡೆಯುತ್ತದೆ. ಧಾರವಾಡ, ಕಲಘಟಗಿ ಮಲೆನಾಡಿನ ಸೆರಗು. ಜಿಟಿಜಿಟಿ ಮಳಿಗೆ ಇಳಿಜಾರು ಹಂಚೇ ಬೇಕು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಎಲ್ಲಾ ಕಡೆ ಹಬ್ಬಿತು. ಹಳೇ ಮನೆಯೆಂದರೆ ಕಲ್ಲಿನ ಬುನಾದಿ, ಮುಂದ ಕಟ್ಟೆ, ಒಳಗ ಪಡಸಾಲಿ, ಅದರಾಚೆ ಅಡಗಿಮನಿ, ದೇವರಮನಿ, ಹಿತ್ತಲದಾಗ ಬಾವಿ.

ಈಗೇನು?

ಮಕ್ಕಳಿಗೆ ಪಾಲಾದಾಗ, ಜಾಗದ ಬೆಲೆ ಏರಿದಾಗ ಹಂಚಿನ ಮನೆ ಬೀಳುತ್ತದೆ, ಆರ್‌ಸಿಸಿ ಏಳುತ್ತದೆ. ಮಳೆಗಾಲಕ್ಕ ಮೊದಲು ಹಂಚು ತೆಗೆದು ಹಾಕುವ ಕೆಲಸದವರೂ ಸುಲಭಕ್ಕ ಸಿಗುವುದಿಲ್ಲ. ಮನೆ ಹೋದರೆ ಹಿತ್ತಲವೂ ಹೋಗುತ್ತದೆ. ಅಲ್ಲಿ ಇಂಗುತ್ತಿದ್ದ ನೀರು ಕಾಂಕ್ರೀಟ್ ಮ್ಯಾಲ ಹರಿದು ತಗ್ಗಿನ ಓಣಿಗೆ ನುಗ್ಗುತ್ತದೆ. ಸಾವಿರ ಚದರಡಿ ಮಾಳಿಗಿ ಮ್ಯಾಲ ಒಂದಿಂಚು ಮಳಿಯಾದರ ಸುಮಾರು 2,300 ಲೀಟರ್ ನೀರು. ಅದೇ ಮಾಳಮಡ್ಡಿಗೆ ಕುಡಿಯುವ ನೀರು ಬರುವುದು ದೂರದ ಮಲಪ್ರಭೆಯಿಂದ.

ಹಳ್ಳಿಯಲ್ಲಿ ಹಂಚಿನ ಮನೆ ಕೆಡವಲು ಹೊರಟವರಿಗೂ ಇದರಲ್ಲಿ ಪಾಠವಿದೆ. ತೊಲೆ, ಕಂಬ, ಬಾಗಿಲ ಚೌಕಟ್ಟು ಗಟ್ಟಿಯಿದ್ದರೆ ಹೊಸ ಮನೆಗೆ ಬಳಸಬಹುದು. ಹಿತ್ತಲದಾಗ ಒಂದಿಷ್ಟು ಬರೀ ಮಣ್ಣು ಬಿಡಿ, ಬಾವಿ ಮುಚ್ಚಬೇಡಿ. ಮಾಳಿಗಿ ನೀರನ್ನು ಸೋಸಿ ಅದಕ್ಕೇ ಇಳಿಸಬಹುದು.